ಬೆಟ್ಟ ಇಳಿಯುವವರಿಗೆ ಪಾಸ್ಖ ಕಾಲದ ಪಾಠ



ತಪಸ್ಸುಕಾಲ ಬಂತೆಂದರೆ ಬೆಟ್ಟದ ಮೆಟ್ಟಿಲುಗಳ ಮೇಲೆ ಜನವೋ ಜನ. ವಿಭೂತಿ ಬುಧವಾರದಿಂದ ಶುಭ ಶುಕ್ರವಾರದ ತನಕ ಭಕ್ತಾದಿಗಳು ಶಿಲುಬೆಯ ಹಾದಿ ಮಾಡುತ್ತಾ ಹತ್ತುತ್ತಾರೆ. ಬರಿಗಾಲಲ್ಲಿ ಹತ್ತುವವರುಂಟು, ಮೊಣಕಾಲ ಮೇಲೆ ಹತ್ತುವವರೂ ಉಂಟು. ಪಾಸ್ಖ ಭಾನುವಾರ ಮುಗಿಯಿತೋ, ಜನ ಕಡಿಮೆ. ಪೂಜೆ ಆಯಿತು, ಹಬ್ಬದೂಟ ಆಯಿತು, ಇನ್ನು ಮುಂದಿನ ವರ್ಷಕ್ಕೆ ಅಂದುಕೊಳ್ಳುವವರೇ ಹೆಚ್ಚು. ಆದರೆ ಧರ್ಮಸಭೆಯ ಲೆಕ್ಕದಲ್ಲಿ ಹಬ್ಬ ಶುರುವಾಗುವುದೇ ಅವತ್ತು. ನಲವತ್ತು ದಿನದ ತಪಸ್ಸಿಗೆ ಐವತ್ತು ದಿನದ ಸಂತೋಷವನ್ನು ಧರ್ಮಸಭೆ ಇಟ್ಟಿದೆ.

ಈ ಐವತ್ತು ದಿನಗಳಲ್ಲಿ ಬಲಿಪೂಜೆಯಲ್ಲಿ ಓದುವ ಶುಭಸಂದೇಶದ ವಾಚನಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಎರಡು ವಿಷಯ ಎದ್ದು ಕಾಣುತ್ತವೆ. ಒಂದು, ಎದ್ದುಬಂದ ಪ್ರಭುವನ್ನು ಅವರ ಹತ್ತಿರದವರೇ ಬಹಳಷ್ಟು ಸಲ ಮೊದಲ ನೋಟಕ್ಕೆ ಗುರುತು ಹಿಡಿಯಲಿಲ್ಲ. ಎರಡು, ಗುರುತು ಹಿಡಿದವರನ್ನು ಪ್ರಭು ಅಲ್ಲೇ ಉಳಿಸಿಕೊಳ್ಳಲಿಲ್ಲ, ಅವರವರ ಜನರ ಹತ್ತಿರಕ್ಕೆ, ಅವರವರ ಕೆಲಸಕ್ಕೆ ಕಳುಹಿಸಿದರು. ಹರಕೆ ಹೊತ್ತು ಬೆಟ್ಟ ಹತ್ತಿ, ಏನೂ ಕಾಣಲಿಲ್ಲ, ಕೇಳಿದ್ದು ಸಿಗಲಿಲ್ಲ ಎಂದು ಒಳಗೊಳಗೇ ಅಳುತ್ತಾ ಇಳಿಯುವವರು ಇದ್ದಾರೆ. ಅಂಥವರಿಗೆ ಈ ಎರಡು ವಿಷಯ ಮುಖ್ಯವಾಗಿ ತಿಳಿದಿರಬೇಕು. ಈ ಪಾಠ ಅವರಿಗಾಗಿಯೇ.

1. ಐವತ್ತು ದಿನದ ಲೆಕ್ಕ

ಪಾಸ್ಖ ಭಾನುವಾರದಿಂದ ಪೆಂತಕೋಸ್ತ್ ಭಾನುವಾರದವರೆಗೆ ಎಣಿಸಿದರೆ 50 ದಿನ. ಪೆಂತಕೋಸ್ತ್ ಅನ್ನುವ ಗ್ರೀಕ್ ಮಾತಿಗೇ ಐವತ್ತನೆಯದು ಅಂತ ಅರ್ಥ. ಪಾಸ್ಖ ಹಬ್ಬದ ತಾರೀಖು ವರ್ಷ ವರ್ಷ ಬದಲಾಗುವುದು ಯಾಕೆ ಎಂದು ಅನೇಕರು ಕೇಳುತ್ತಾರೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಪಾಸ್ಖ. ಹುಣ್ಣಿಮೆಯನ್ನು ಧರ್ಮಸಭೆಯ ಪಂಚಾಂಗದ ಪ್ರಕಾರ ಎಣಿಸುತ್ತಾರೆ. ಆದ್ದರಿಂದ ಹಬ್ಬವು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವಾಗ ಬೇಕಾದರೂ ಬರಬಹುದು. 2026ಕ್ಕೆ ಏಪ್ರಿಲ್ 5, 2027ಕ್ಕೆ ಮಾರ್ಚ್ 28, 2028ಕ್ಕೆ ಏಪ್ರಿಲ್ 16.

ಎರಡನೆಯ ವ್ಯಾಟಿಕನ್ ಮಹಾಸಭೆ (1962-65) ಆದ ಮೇಲೆ, 1969ರಲ್ಲಿ ಪೂಜೆಯ ವಾಚನಗಳನ್ನು ಹೊಸದಾಗಿ ಜೋಡಿಸಲಾಯಿತು. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. 'ಎ' ವರ್ಷದಲ್ಲಿ ಮುಖ್ಯವಾಗಿ ಮತ್ತಾಯ, 'ಬಿ' ವರ್ಷದಲ್ಲಿ ಮಾರ್ಕ, 'ಸಿ' ವರ್ಷದಲ್ಲಿ ಲೂಕ. 2026 'ಎ' ವರ್ಷ, 2027 'ಬಿ', 2028 'ಸಿ'. ಯೊವಾನ್ನನ ಶುಭಸಂದೇಶಕ್ಕೆ ಬೇರೆ ವರ್ಷ ಇಲ್ಲ. ಆದರೆ ಪಾಸ್ಖ ಕಾಲದಲ್ಲಿ ಮೂರು ವರ್ಷವೂ ಹೆಚ್ಚಾಗಿ ಕೇಳಿಬರುವುದು ಯೊವಾನ್ನನದೇ. ಪಾಸ್ಖದ ಮೊದಲ ವಾರದ ದಿನಗಳಲ್ಲಂತೂ ಪ್ರತಿ ವರ್ಷವೂ ಅದೇ ವಾಚನಗಳು. ಎದ್ದುಬಂದ ಪ್ರಭು ಯಾರು ಯಾರಿಗೆ, ಎಲ್ಲೆಲ್ಲಿ ಕಾಣಿಸಿಕೊಂಡರು ಎಂಬುದನ್ನು ಆ ವಾರದಲ್ಲಿ ದಿನಕ್ಕೊಂದರಂತೆ ಓದುತ್ತಾರೆ.

2. ಯಾರೂ ನೋಡದ ಗಳಿಗೆ

ಯೇಸುಸ್ವಾಮಿ ಸಮಾಧಿಯಿಂದ ಎದ್ದ ಆ ಗಳಿಗೆಯನ್ನು ನಾಲ್ಕು ಶುಭಸಂದೇಶಗಳಲ್ಲಿ ಯಾವುದೂ ವರ್ಣಿಸಿಲ್ಲ. ಕೈಯಲ್ಲಿ ಧ್ವಜ ಹಿಡಿದು ಎದ್ದುಬರುತ್ತಿರುವ ಪ್ರಭುವಿನ ಪಟ ಎಲ್ಲರ ಮನೆಯಲ್ಲೂ ಇರಬಹುದು. ಅದು ಚಿತ್ರಕಾರರ ಭಕ್ತಿ. ಶುಭಸಂದೇಶದಲ್ಲಿ ಸಿಗುವುದು ಉರುಳಿಸಿದ ಕಲ್ಲು, ಖಾಲಿ ಸಮಾಧಿ, ಶವಕ್ಕೆ ಸುತ್ತಿದ್ದ ಬಟ್ಟೆ, ಇಷ್ಟೇ.

ಪಾಸ್ಖ ಭಾನುವಾರದ ಹಗಲಿನ ಪೂಜೆಯ ವಾಚನ ಯೊವಾನ್ನ 20:1-9. ಇನ್ನೂ ಕತ್ತಲಿರುವಾಗಲೇ ಮಗ್ದಲದ ಮರಿಯಳು ಸಮಾಧಿಗೆ ಹೋದಳು. ಕಲ್ಲು ಸರಿದಿರುವುದನ್ನು ಕಂಡು ಓಡಿಬಂದು ಶಿಷ್ಯರಿಗೆ ಹೇಳಿದಳು. ಪ್ರಭು ಎದ್ದಿದ್ದಾರೆ ಅಂತ ಅವಳು ಹೇಳಲಿಲ್ಲ. ಯಾರೋ ಎತ್ತಿಕೊಂಡು ಹೋಗಿದ್ದಾರೆ ಅಂತಲೇ ಹೇಳಿದಳು. ಪೇತ್ರನೂ ಯೇಸುವಿಗೆ ಆಪ್ತನಾದ ಇನ್ನೊಬ್ಬ ಶಿಷ್ಯನೂ ಓಡಿದರು. ಒಳಗೆ ನಾರುಬಟ್ಟೆ ಬಿದ್ದಿತ್ತು. ತಲೆಗೆ ಕಟ್ಟಿದ್ದ ವಸ್ತ್ರ ಮಾತ್ರ ಬೇರೆಯಾಗಿ ಸುತ್ತಿಟ್ಟಿತ್ತು. ಕಳ್ಳರು ಬಂದಿದ್ದರೆ ಬಟ್ಟೆ ಬಿಚ್ಚಿ, ಸುತ್ತಿಟ್ಟು ಹೋಗುತ್ತಿದ್ದರೇ ಎಂದು ಹಿಂದಿನ ಕಾಲದ ವ್ಯಾಖ್ಯಾನಕಾರರು ಕೇಳುತ್ತಿದ್ದರು. ಆ ಇನ್ನೊಬ್ಬ ಶಿಷ್ಯ ನೋಡಿ ನಂಬಿದನೆಂದು ಬರೆದಿದೆ. ಪೇತ್ರ ನಂಬಿದನೆಂದು ಅಲ್ಲಿ ಬರೆದಿಲ್ಲ. ಇಬ್ಬರೂ ಒಂದೇ ಗುಹೆಯೊಳಗೆ ನಿಂತು ಒಂದೇ ಬಟ್ಟೆಯನ್ನು ನೋಡಿದವರು. ಒಬ್ಬನಿಗೆ ಆ ಗಳಿಗೆಯಲ್ಲೇ ಹೊಳೆಯಿತು, ಇನ್ನೊಬ್ಬನಿಗೆ ಸಮಯ ಬೇಕಾಯಿತು. ಆದರೂ ತಡವಾದವನ ಕೈಗೇ ಪ್ರಭು ಮುಂದೆ ತಮ್ಮ ಮಂದೆಯನ್ನು ಒಪ್ಪಿಸಿದರು.

'ಬಿ' ವರ್ಷದ ಪಾಸ್ಖ ಜಾಗರಣೆಯಲ್ಲಿ ಮಾರ್ಕನ 16ನೇ ಅಧ್ಯಾಯ ಓದುತ್ತಾರೆ. ಅಲ್ಲಿ ಸಮಾಧಿಯೊಳಗಿದ್ದ ಬಿಳಿಯುಡುಪಿನ ಯುವಕ ಹೆಂಗಸರಿಗೆ ಒಂದು ಸುದ್ದಿ ಕೊಟ್ಟು ಕಳುಹಿಸುತ್ತಾನೆ. ಶಿಷ್ಯರಿಗೆ ತಿಳಿಸಿ ಎಂದು ಹೇಳಿದ್ದರೆ ಸಾಕಿತ್ತು, ಪೇತ್ರನೂ ಶಿಷ್ಯನೇ ತಾನೆ. ಆದರೂ ಪೇತ್ರನ ಹೆಸರನ್ನು ಬೇರೆಯಾಗಿ ಎತ್ತಿ ಹೇಳಿದ. ಮೂರು ಸಲ ಗುರುವನ್ನು ಅರಿಯೆನೆಂದವನು ತನ್ನನ್ನು ಆ ಲೆಕ್ಕಕ್ಕೆ ಸೇರಿಸಿಲ್ಲ ಎಂದುಕೊಂಡು ದೂರ ಉಳಿಯಬಾರದಲ್ಲ. ಮುಂದಿನ ವಾಕ್ಯದಲ್ಲಿ ಆ ಹೆಂಗಸರು ನಡುಗುತ್ತಾ ಓಡಿಹೋದರು, ಹೆದರಿ ಯಾರಿಗೂ ಏನೂ ಹೇಳಲಿಲ್ಲ ಎಂದಿದೆ. ನಾಲ್ಕನೇ ಶತಮಾನದ ಹಳೆಯ ಕೈಬರಹ ಪ್ರತಿಗಳಲ್ಲಿ ಮಾರ್ಕನ ಶುಭಸಂದೇಶ ಆ ಭಯದ ಮಾತಿನಲ್ಲೇ ನಿಂತುಹೋಗುತ್ತದೆ. ಮೊಟ್ಟಮೊದಲು ಪಾಸ್ಖದ ಸುದ್ದಿ ಕೇಳಿದವರೂ ಹೆದರಿದ್ದರು ಎಂಬುದನ್ನು ಶುಭಸಂದೇಶ ಮುಚ್ಚಿಟ್ಟಿಲ್ಲ.

3. ಹೆಸರು ಹಿಡಿದು ಕರೆದಾಗ

ಪಾಸ್ಖ ವಾರದ ಮಂಗಳವಾರ ಯೊವಾನ್ನ 20:11-18. ಶಿಷ್ಯರಿಬ್ಬರೂ ಮನೆಗೆ ಹೋಗಿಬಿಟ್ಟರು. ಮರಿಯಳು ಮಾತ್ರ ಸಮಾಧಿಯ ಹೊರಗೆ ಅಳುತ್ತಾ ನಿಂತಳು. ಹಿಂದಕ್ಕೆ ತಿರುಗಿದಾಗ ಯೇಸುಸ್ವಾಮಿ ಅಲ್ಲೇ ನಿಂತಿದ್ದರು. ಅವಳಿಗೆ ಗೊತ್ತಾಗಲಿಲ್ಲ, ತೋಟದ ಮಾಲಿ ಇರಬೇಕು ಅಂದುಕೊಂಡಳು. ದೇಹವನ್ನು ಎಲ್ಲಿಟ್ಟಿದ್ದೀರಿ ಹೇಳಿ, ನಾನೇ ತೆಗೆದುಕೊಂಡು ಹೋಗುತ್ತೇನೆ ಎಂದು ಪ್ರಭುವಿನ ಹತ್ತಿರವೇ ಕೇಳಿಕೊಂಡಳು. ಪ್ರಭು ಅವಳನ್ನು ಹೆಸರು ಹಿಡಿದು ಕರೆದರು. ಆ ಒಂದು ಕರೆಗೆ ಅವಳಿಗೆ ಎಲ್ಲವೂ ತಿಳಿಯಿತು.

ಅಳುವವರ ಕಣ್ಣು ಮಂಜಾಗಿರುತ್ತದೆ, ಎದುರಿಗಿರುವವರೂ ಸರಿಯಾಗಿ ಕಾಣುವುದಿಲ್ಲ. ಇದು ಮರಿಯಳ ತಪ್ಪಲ್ಲ, ಅವಳನ್ನು ಪ್ರಭು ಗದರಿಸಲೂ ಇಲ್ಲ. ಗಂಡನನ್ನು, ಮಗುವನ್ನು ಮಣ್ಣು ಮಾಡಿ ಬಂದವರು ಬೆಟ್ಟದ ಮೇಲೆ ಬಂದು ಕೂತಾಗ ಪ್ರಾರ್ಥನೆಯ ಒಂದು ಮಾತೂ ಬಾಯಿಗೆ ಬರದೇ ಇರಬಹುದು. ಅಂಥವರು ಮರಿಯಳ ಪಕ್ಕದಲ್ಲಿ ನಿಂತಿದ್ದಾರೆ ಎಂದುಕೊಳ್ಳಲಿ. ಅವಳಿಗೂ ಅವತ್ತು ಪ್ರಾರ್ಥನೆ ಬಂದಿರಲಿಲ್ಲ, ಅಳು ಬಂದಿತ್ತು.

ಗುರುತು ಸಿಕ್ಕಿದ ಮೇಲೆ ಅವಳಿಗೆ ಸ್ವಾಮಿಯ ಪಾದ ಬಿಡಲು ಮನಸ್ಸಿಲ್ಲ. ಆದರೆ ಸ್ವಾಮಿ, ಹಿಡಿದುಕೊಂಡು ನಿಲ್ಲಬೇಡ, ಸಹೋದರರ ಬಳಿಗೆ ಹೋಗು ಎಂದರು. ಸೋಮವಾರ ಓದುವ ಮತ್ತಾಯ 28:8-15ರಲ್ಲಿಯೂ ಇದೇ ರೀತಿ. ಅಲ್ಲಿಯ ಹೆಂಗಸರು ಪ್ರಭುವನ್ನು ಕೂಡಲೇ ಗುರುತು ಹಿಡಿದು ಪಾದ ಹಿಡಿದರು. ಅವರಿಗೂ ಪ್ರಭು ಹೇಳಿದ್ದು, ಹೋಗಿ ತಿಳಿಸಿ ಎಂದೇ.

ಮಗ್ದಲದ ಮರಿಯಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಕಾಲದಿಂದ ಇದೆ. ಅವಳು ನಡತೆಗೆಟ್ಟವಳಾಗಿದ್ದಳು ಎನ್ನುತ್ತಾರೆ. ಶುಭಸಂದೇಶದಲ್ಲಿ ಎಲ್ಲೂ ಹಾಗೆ ಬರೆದಿಲ್ಲ. ಏಳು ದೆವ್ವಗಳಿಂದ ಬಿಡುಗಡೆ ಹೊಂದಿದವಳು, ತನ್ನ ಆಸ್ತಿಯಿಂದ ಯೇಸುವಿನ ಸೇವೆ ಮಾಡುತ್ತಿದ್ದ ಸ್ತ್ರೀಯರಲ್ಲಿ ಒಬ್ಬಳು ಎಂದು ಲೂಕನು 8ನೇ ಅಧ್ಯಾಯದಲ್ಲಿ ಹೇಳುತ್ತಾನೆ, ಅಷ್ಟೇ. ಆ ಕಾಲದ ಯೆಹೂದ್ಯ ಸಮಾಜದಲ್ಲಿ ಹೆಂಗಸರ ಸಾಕ್ಷಿಗೆ ಹೆಚ್ಚು ಬೆಲೆ ಇರಲಿಲ್ಲ. ಶಿಷ್ಯರೂ ಮೊದಲಿಗೆ ಹೆಂಗಸರ ಮಾತನ್ನು ಹುಚ್ಚುಮಾತು ಎಂದುಕೊಂಡರು. ಅಂಥ ಕಾಲದಲ್ಲಿ ಪ್ರಭು ತಮ್ಮ ಪುನರುತ್ಥಾನದ ಸುದ್ದಿಯನ್ನು ಕೊಟ್ಟಿದ್ದು ಒಬ್ಬ ಹೆಣ್ಣಿನ ಕೈಗೆ. ಪೋಪ್ ಫ್ರಾನ್ಸಿಸ್‌ರವರು 2016ರಲ್ಲಿ ಅವಳ ಜುಲೈ 22ರ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ದರ್ಜೆಗೆ ಏರಿಸಿದರು.

4. ಹನ್ನೊಂದು ಕಿಲೋಮೀಟರು ಜೊತೆಯಲ್ಲಿ ನಡೆದರೂ

ಬುಧವಾರ ಲೂಕ 24:13-35. 'ಎ' ವರ್ಷದಲ್ಲಿ ಪಾಸ್ಖ ಕಾಲದ ಮೂರನೆಯ ಭಾನುವಾರದಂದೂ ಇದೇ ವಾಚನ. ಇಬ್ಬರು ಶಿಷ್ಯರು ಜೆರುಸಲೇಮಿನಿಂದ ಎಮ್ಮಾವು ಎಂಬ ಊರಿಗೆ ಹೊರಟಿದ್ದಾರೆ. ದೂರ 60 ಸ್ತಾದಿ, ಅಂದರೆ ಸುಮಾರು 11 ಕಿಲೋಮೀಟರು. ಒಬ್ಬನ ಹೆಸರು ಕ್ಲೆಯೋಫ. ಇನ್ನೊಬ್ಬರ ಹೆಸರನ್ನು ಲೂಕನು ಹೇಳಿಲ್ಲ. ಅದು ಅವನ ಹೆಂಡತಿಯೇ ಇರಬಹುದು ಎಂದು ಕೆಲವು ವ್ಯಾಖ್ಯಾನಕಾರರ ಅಭಿಪ್ರಾಯ.

ಯಾತ್ರಿಕರು ಈ ಕಥೆಯನ್ನು ನಿಧಾನವಾಗಿ ಓದಬೇಕು. ಯಾಕೆಂದರೆ ಇವರೂ ನಡೆಯುವವರೇ. ಆದರೆ ಇವರು ದೇವರನ್ನು ಹುಡುಕಿಕೊಂಡು ಹೊರಟವರಲ್ಲ, ಎಲ್ಲಾ ಮುಗಿಯಿತು ಎಂದು ಊರು ಬಿಟ್ಟು ಹೊರಟವರು. ಹೆಜ್ಜೆ ಜೊತೆ ಹೆಜ್ಜೆ ಹಾಕಿ ಒಬ್ಬ ಅಪರಿಚಿತ ಸೇರಿಕೊಂಡ. ಏನು ಮಾತಾಡಿಕೊಳ್ಳುತ್ತಿದ್ದೀರಿ ಎಂದು ಕೇಳಿದ್ದಕ್ಕೆ ಇಬ್ಬರೂ ಮುಖ ಬಾಡಿಸಿಕೊಂಡು ನಿಂತರು. ಯೇಸುವೇ ತಮ್ಮ ಜನರನ್ನು ಬಿಡಿಸುವವರು ಎಂದು ಹಿಂದೆ ಆಶೆ ಇಟ್ಟುಕೊಂಡಿದ್ದ ಕಥೆ ಹೇಳಿದರು. ಆ ಆಶೆ ಈಗ ಇಲ್ಲ ಎಂಬುದು ಮಾತಿನಲ್ಲೇ ತಿಳಿಯುತ್ತದೆ. ಸಮಾಧಿ ಖಾಲಿಯಾಗಿದೆ ಎಂಬ ಸುದ್ದಿಯೂ ಅವರಿಗೆ ಗೊತ್ತು. ಸುದ್ದಿ ಗೊತ್ತಿದ್ದರೂ ಕಾಲು ಎಮ್ಮಾವಿನ ಕಡೆಗೇ ನಡೆಯುತ್ತಿತ್ತು.

ಆಪರೇಷನ್ ಆಗಲಿ ಅಂತ ಕಾದಿದ್ದೆವು, ಆಯಿತು, ಆದರೂ ಉಳಿಯಲಿಲ್ಲ. ಮಗಳಿಗೆ ಸಂಬಂಧ ಕೂಡಿಬರುತ್ತದೆ ಅಂದುಕೊಂಡಿದ್ದೆವು, ತಪ್ಪಿತು. ಮಳೆ ಬರುತ್ತೆ ಅಂತ ಸಾಲ ಮಾಡಿ ಬಿತ್ತಿದೆವು, ಬರಲಿಲ್ಲ. ಯಾತ್ರಿಕರ ಬಾಯಲ್ಲಿ ಇಂಥ ಮಾತುಗಳು ಬರುವುದು ಹೊಸದಲ್ಲ. ಎಮ್ಮಾವಿನ ದಾರಿಯ ಮಾತೂ ಇದೇ ಜಾತಿಯದು. ಪ್ರಭು ಆ ಮಾತನ್ನು ನಡುವೆ ತಡೆಯಲಿಲ್ಲ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೋಶೆಯಿಂದ ಹಿಡಿದು ಪ್ರವಾದಿಗಳವರೆಗೆ ಧರ್ಮಗ್ರಂಥವನ್ನು ಬಿಡಿಸಿ ಹೇಳಿದರು.

ಅಷ್ಟು ದೂರ ಜೊತೆಯಲ್ಲಿ ನಡೆದರೂ, ಅಷ್ಟು ದೊಡ್ಡ ಉಪದೇಶ ಕೇಳಿದರೂ ಅವರಿಗೆ ಗುರುತು ಸಿಗಲಿಲ್ಲ. ಊರು ಹತ್ತಿರವಾಯಿತು, ಅಪರಿಚಿತ ಮುಂದೆ ಹೋಗುವವನಂತೆ ಕಂಡ. ಹೊತ್ತು ಮುಳುಗುತ್ತಿದೆ, ಇಲ್ಲೇ ಉಳಿದುಕೊಳ್ಳಿ ಎಂದು ಅವರು ಒತ್ತಾಯ ಮಾಡಿ ಕರೆದರು. ಕತ್ತಲಾದ ಮೇಲೆ ದಾರಿಹೋಕನನ್ನು ಹಾಗೇ ಕಳುಹಿಸಬಾರದು ಎಂಬ ಮರ್ಯಾದೆ ಅದು. ಊಟಕ್ಕೆ ಕೂತಾಗ ರೊಟ್ಟಿ ತೆಗೆದುಕೊಂಡು, ಸ್ತೋತ್ರ ಸಲ್ಲಿಸಿ, ಮುರಿದು ಕೊಟ್ಟರು. ಆಗ ಕಣ್ಣು ತೆರೆಯಿತು. ಪ್ರತಿ ಬಲಿಪೂಜೆಯಲ್ಲೂ ಮೊದಲು ವಾಚನ, ಆಮೇಲೆ ರೊಟ್ಟಿ ಮುರಿಯುವುದು. ಆ ಕ್ರಮ ಎಮ್ಮಾವಿನ ಸಂಜೆಯಲ್ಲೂ ಇದೆ.

ಆ ಮೇಲೆ ಪ್ರಭು ಕಣ್ಣಿಗೆ ಕಾಣಲಿಲ್ಲ. ಶಿಷ್ಯರು ಏನು ಮಾಡಿದರು? ರಾತ್ರಿಯಾಗಿದೆ, ಬೆಳಿಗ್ಗೆ ಹೋಗೋಣ ಅನ್ನಲಿಲ್ಲ. ಆ ಗಳಿಗೆಯಲ್ಲೇ ಎದ್ದು ಮತ್ತೆ 11 ಕಿಲೋಮೀಟರು ನಡೆದು ಜೆರುಸಲೇಮಿಗೆ ವಾಪಸ್ಸು ಬಂದರು. ಯಾವ ಊರಿನಿಂದ ಸೋತು ಹೊರಟಿದ್ದರೋ ಅದೇ ಊರಿಗೆ ಬಂದರು. ಊರು ಬದಲಾಗಿರಲಿಲ್ಲ. ಅಪಾಯ ಹಾಗೇ ಇತ್ತು.

5. ಗಾಯ ಮಾಸಿರಲಿಲ್ಲ

ಪಾಸ್ಖ ಕಾಲದ ಎರಡನೆಯ ಭಾನುವಾರ, ಮೂರು ವರ್ಷವೂ, ಯೊವಾನ್ನ 20:19-31. 2000ನೇ ಇಸವಿಯಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಈ ದಿನವನ್ನು ದೈವ ಕರುಣೆಯ ಭಾನುವಾರ ಎಂದು ಕರೆದರು. ಇದು ಸಂತ ತೋಮರ ವಾಚನ.

ಸಂದೇಹ ಪಡುವವನನ್ನು ತೋಮ ಎಂದು ಹಾಸ್ಯ ಮಾಡುವುದುಂಟು. ಆದರೆ ಅವನ ವಿಷಯ ಪೂರ್ತಿ ತಿಳಿಯಬೇಕು. ಲಾಜರನು ಸತ್ತ ಮೇಲೆ ಯೇಸುಸ್ವಾಮಿ ಯೂದೇಯಕ್ಕೆ ಹೊರಟಾಗ, ಅಲ್ಲಿ ಜೀವಕ್ಕೆ ಅಪಾಯವಿತ್ತು. ಆಗ ಅವರ ಜೊತೆ ಸಾಯಲಿಕ್ಕೂ ಹೋಗೋಣ ಎಂದು ಮಿಕ್ಕವರನ್ನು ಹೊರಡಿಸಿದವನು ಇದೇ ತೋಮ (ಯೊವಾನ್ನ 11:16). ಅವನ ಸಂದೇಹ ಉಡಾಫೆಯಿಂದ ಬಂದದ್ದಲ್ಲ, ನೋವಿನಿಂದ ಬಂದದ್ದು. ಪಾಸ್ಖದ ಸಂಜೆ ಅವನು ಅಲ್ಲಿರಲಿಲ್ಲ. ಹತ್ತು ಜನ ಕಂಡಿದ್ದನ್ನು ಅವನೊಬ್ಬ ಕಾಣಲಿಲ್ಲ. ಮೊಳೆಯ ಗುರುತನ್ನು ಮುಟ್ಟಿ ನೋಡಿದ ಹೊರತು ಒಪ್ಪುವುದಿಲ್ಲ ಎಂದುಬಿಟ್ಟ.

ಎಂಟು ದಿನ ಹಾಗೇ ಕಳೆಯಿತು. ಈ ಎಂಟು ದಿನವನ್ನು ಗಮನಿಸಬೇಕು. ನಂಬದವನಿಗೆ ಇಲ್ಲೇನು ಕೆಲಸ ಎಂದು ಹತ್ತು ಜನ ಅವನನ್ನು ಹೊರಗೆ ಹಾಕಲಿಲ್ಲ. ನಿಮ್ಮ ಸಹವಾಸ ಬೇಡ ಎಂದು ಅವನೂ ಎದ್ದು ಹೋಗಲಿಲ್ಲ. ಒಂದೇ ಮನೆಯಲ್ಲಿ, ಬಾಗಿಲು ಹಾಕಿಕೊಂಡು, ನಂಬಿದವರೂ ನಂಬಲಾರದವನೂ ಒಟ್ಟಿಗೆ ಇದ್ದರು. ಪ್ರಭು ಎರಡನೇ ಸಲ ಬಂದಾಗ ತೋಮ ಸಿಕ್ಕಿದ್ದು ಅದಕ್ಕೇ. ಮನೆಯಲ್ಲಿ ಒಬ್ಬ ಮಗ ಪೂಜೆಗೆ ಬರುವುದು ಬಿಟ್ಟಿದ್ದಾನೆ, ಒಬ್ಬ ಸೊಸೆಗೆ ಪ್ರಾರ್ಥನೆಯ ಮೇಲೆ ನಂಬಿಕೆ ಹೋಗಿದೆ ಎಂದು ಬೇಜಾರು ಪಡುವ ತಂದೆತಾಯಿಗಳಿಗೆ ಈ ಎಂಟು ದಿನದಲ್ಲಿ ಪಾಠ ಇದೆ. ಅವರಿಗೂ ಮನೆಯ ಬಾಗಿಲು ತೆರೆದಿರಲಿ, ಊಟಕ್ಕೆ ಎಲೆ ಹಾಕಿರಲಿ.

ಪ್ರಭು ತೋಮನಿಗೆ ಕೈ ಚಾಚಿ ಮುಟ್ಟಿ ನೋಡು ಎಂದರು. ಅವನು ಮುಟ್ಟಿದನೆಂದು ಶುಭಸಂದೇಶದಲ್ಲಿ ಬರೆದಿಲ್ಲ. ಯೇಸುವನ್ನು ತನ್ನ ಪ್ರಭು, ತನ್ನ ದೇವರು ಎಂದು ಒಪ್ಪಿಕೊಂಡನೆಂದು ಮಾತ್ರ ಇದೆ. ಇನ್ನೊಂದು ಮಾತು. ಮರಣವನ್ನು ಗೆದ್ದುಬಂದ ದೇಹದಲ್ಲಿ ಗಾಯದ ಗುರುತು ಇರಬೇಕಾಗಿರಲಿಲ್ಲ. ಆದರೂ ಇತ್ತು. ತೋಮನಿಗೆ ಗುರುತು ಸಿಕ್ಕಿದ್ದು ಆ ಗಾಯದಿಂದಲೇ. ಕಾಯಿಲೆ ವಾಸಿಯಾಗದೆ ಬೆಟ್ಟ ಇಳಿಯುವವರು, ದೇವರು ತಮ್ಮನ್ನು ಕೈಬಿಟ್ಟರು ಎಂದು ತೀರ್ಮಾನ ಮಾಡಬಾರದು. ಗಾಯ ಉಳಿದದ್ದು ಸೋಲಿನ ಗುರುತಾಗಿದ್ದರೆ ಪ್ರಭು ಅದನ್ನು ತೋರಿಸುತ್ತಿರಲಿಲ್ಲ.

ಇದೇ ತೋಮರು 52ನೇ ಇಸವಿಯಲ್ಲಿ ಕೇರಳದ ಕರಾವಳಿಗೆ ಬಂದು ಶುಭಸಂದೇಶ ಸಾರಿದರೆಂದು ನಮ್ಮ ದೇಶದ ಕ್ರೈಸ್ತರ ಪರಂಪರೆ ಹೇಳುತ್ತದೆ. ಚೆನ್ನೈನಲ್ಲಿ ಅವರ ಹೆಸರಿನ ಬೆಟ್ಟವೇ ಇದೆ. ಅವರು ರಕ್ತಸಾಕ್ಷಿಯಾದ ಜಾಗವೆಂದು ಭಕ್ತರು ಅಲ್ಲಿಗೂ ಯಾತ್ರೆ ಹೋಗುತ್ತಾರೆ. ಎಲ್ಲರಿಗಿಂತ ತಡವಾಗಿ ನಂಬಿದವರೇ ಎಲ್ಲರಿಗಿಂತ ದೂರ ಹೋದರು ಎಂದು ಹಿರಿಯರು ಹೇಳುವುದು ಇದಕ್ಕೇ.

6. ಕೆಂಡದ ಮುಂದೆ ಪೇತ್ರ

ಪಾಸ್ಖ ವಾರದ ಶುಕ್ರವಾರ ಯೊವಾನ್ನ 21:1-14. 'ಸಿ' ವರ್ಷದ ಮೂರನೆಯ ಭಾನುವಾರ ಇದನ್ನೇ 19ನೇ ವಾಕ್ಯದ ತನಕ ಓದುತ್ತಾರೆ. ಏಳು ಜನ ಶಿಷ್ಯರು ತಿಬೇರಿಯ ಸರೋವರದಲ್ಲಿ ರಾತ್ರಿಯೆಲ್ಲಾ ಬಲೆ ಬೀಸಿದರು. ಒಂದು ಮೀನೂ ಸಿಗಲಿಲ್ಲ. ಬೆಳಗಾಗುವಾಗ ದಡದಲ್ಲಿ ಯೇಸುಸ್ವಾಮಿ ನಿಂತಿದ್ದರು, ಇಲ್ಲಿಯೂ ಯಾರಿಗೂ ಗುರುತು ಸಿಗಲಿಲ್ಲ. ದೋಣಿಯ ಬಲಗಡೆ ಬಲೆ ಹಾಕಿ ಎಂದರು. ಹಾಕಿದರೆ ಎಳೆಯಲಾರದಷ್ಟು ಮೀನು. ಎಣಿಸಿದಾಗ 153. ಪೇತ್ರ ತಡೆಯಲಾರದೆ ನೀರಿಗೆ ಧುಮುಕಿದ. ದಡ ಇನ್ನೂ ಇನ್ನೂರು ಮೊಳ, ಸುಮಾರು 90 ಮೀಟರು ದೂರದಲ್ಲಿತ್ತು.

ದಡದಲ್ಲಿ ಇದ್ದಿಲ ಕೆಂಡ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಯೊವಾನ್ನನ ಶುಭಸಂದೇಶದಲ್ಲಿ ಇದ್ದಿಲ ಕೆಂಡದ ಮಾತು ಬರುವುದು ಎರಡೇ ಕಡೆ. ಮೊದಲನೆಯದು 18ನೇ ಅಧ್ಯಾಯದಲ್ಲಿ, ಪ್ರಧಾನ ಯಾಜಕನ ಅಂಗಳದಲ್ಲಿ. ಅಲ್ಲಿ ಚಳಿ ಕಾಯಿಸಿಕೊಳ್ಳುತ್ತಾ ನಿಂತು ಪೇತ್ರ ಯೇಸುವನ್ನು ಅರಿಯೆನೆಂದಿದ್ದ. ಎರಡನೆಯದು ಇದು. ಕೆಂಡದ ವಾಸನೆ ಬಂದಾಗಲೇ ಅವನಿಗೆ ಆ ರಾತ್ರಿ ನೆನಪಾಗಿರಬಹುದು.

ಪ್ರಭು ಮೊದಲು ಊಟ ಹಾಕಿದರು. ರಾತ್ರಿಯೆಲ್ಲಾ ದುಡಿದು ಹಸಿದು ಬಂದವರಿಗೆ ಉಪದೇಶ ಮಾಡಲಿಲ್ಲ. ಊಟ ಆದ ಮೇಲೆ ಪೇತ್ರನನ್ನು ಕೇಳಿದರು, ನನ್ನ ಮೇಲೆ ನಿನಗೆ ಪ್ರೀತಿ ಇದೆಯೇ ಎಂದು. ಒಂದಲ್ಲ, ಮೂರು ಸಲ. ಮೂರನೇ ಸಲ ಕೇಳಿದಾಗ ಅವನಿಗೆ ದುಃಖವಾಯಿತು. ಮೂರು ಸಲ ಬಿಟ್ಟುಕೊಟ್ಟವನಿಗೆ ಮೂರು ಸಲ ಹೇಳುವ ಅವಕಾಶ ಸಿಕ್ಕಿತು. ಯಾಕೆ ಹಾಗೆ ಮಾಡಿದೆ ಎಂದು ಒಂದು ಸಲವೂ ಕೇಳಲಿಲ್ಲ. ಪ್ರತಿ ಉತ್ತರಕ್ಕೂ ಒಂದು ಕೆಲಸ ಕೊಟ್ಟರು, ಕುರಿಗಳನ್ನು ಮೇಯಿಸು ಎಂದು. ಹಳೆಯ ತಪ್ಪನ್ನು ಎದೆಯಲ್ಲಿಟ್ಟುಕೊಂಡು ಪಾಪನಿವೇದನೆಗೆ ಹೋಗಲು ನಾಚುವವರು, ಯಾಜಕರ ಮುಂದೆ ಹೋಗುವ ಮುಂಚೆ ಈ ವಾಚನ ಓದಿಕೊಳ್ಳಲಿ.

7. ಕುರುಬ ಮತ್ತು ದ್ರಾಕ್ಷಿ ಬಳ್ಳಿ

ನಾಲ್ಕನೆಯ ಭಾನುವಾರ ಯೊವಾನ್ನನ 10ನೇ ಅಧ್ಯಾಯ, ಒಳ್ಳೆಯ ಕುರುಬನ ವಾಚನ. ಅದನ್ನು ಮೂರು ಭಾಗ ಮಾಡಿ ಮೂರು ವರ್ಷ ಓದುತ್ತಾರೆ. ಕುರಿಗಳನ್ನು ಹೆಸರು ಹಿಡಿದು ಕರೆಯುವ ಕುರುಬನ ಮಾತು ಅಲ್ಲಿ ಬರುತ್ತದೆ. ತೋಟದಲ್ಲಿ ಮರಿಯಳನ್ನು ಕರೆದ ದನಿ ಅದೇ. ದೇವರ ಸೇವೆಯ ಕರೆಗಾಗಿ ವಿಶ್ವದಾದ್ಯಂತ ಪ್ರಾರ್ಥಿಸುವ ದಿನವನ್ನು 1964ರಿಂದ ಆಚರಿಸಲಾಗುತ್ತಿದೆ, ಈಗ ಅದು ಬರುವುದು ಈ ಭಾನುವಾರದಂದೇ.

ಐದನೆಯ ಮತ್ತು ಆರನೆಯ ಭಾನುವಾರಗಳಲ್ಲಿ ಯೊವಾನ್ನ 13, 14, 15ನೇ ಅಧ್ಯಾಯಗಳಿಂದ ಓದುತ್ತಾರೆ. ಇವು ಯೇಸುಸ್ವಾಮಿ ಮರಣಕ್ಕೆ ಮುಂಚೆ, ಕೊನೆಯ ಭೋಜನದ ರಾತ್ರಿ ಆಡಿದ ಮಾತುಗಳು. ಮರಣದ ಮುಂಚಿನ ಮಾತನ್ನು ಪುನರುತ್ಥಾನದ ಮೇಲೆ ಯಾಕೆ ಓದಬೇಕು? ಮನೆಯ ಹಿರಿಯರು ಹೊರಡುವಾಗ ಹೇಳಿದ ಮಾತು ಆ ಹೊತ್ತಿನಲ್ಲಿ ಕಿವಿಗೆ ಬೀಳುತ್ತದೆ, ಅರ್ಥವಾಗುವುದು ಆಮೇಲೆ. ದ್ರಾಕ್ಷಿ ಬಳ್ಳಿಯಲ್ಲಿ ಕವಲು ನೆಲೆಸಿರುವಂತೆ ನನ್ನಲ್ಲಿ ನೆಲೆಸಿರಿ ಎಂಬ ಬೋಧನೆ, ಒಬ್ಬರನ್ನೊಬ್ಬರು ಪ್ರೀತಿಸಿರಿ ಎಂಬ ಆಜ್ಞೆ, ಅನಾಥರಾಗಿ ಬಿಡುವುದಿಲ್ಲ ಎಂಬ ಭರವಸೆ, ಪವಿತ್ರಾತ್ಮರ ವಾಗ್ದಾನ, ಇವೆಲ್ಲಾ ಕಣ್ಣಿಗೆ ಕಾಣದ ಪ್ರಭುವಿನ ಜೊತೆ ದಿನನಿತ್ಯ ಬಾಳುವವರಿಗೆ ಬೇಕಾದವು. ಇವುಗಳಲ್ಲಿ ಯಾವುದನ್ನು ಪಾಲಿಸಲೂ ಬೆಟ್ಟದ ಮೇಲೆ ಇರಬೇಕಾಗಿಲ್ಲ. ಒಬ್ಬರನ್ನೊಬ್ಬರು ಪ್ರೀತಿಸುವುದು ಅತ್ತೆ-ಸೊಸೆ, ಅಣ್ಣ-ತಮ್ಮ, ಪಕ್ಕದ ಹೊಲದವನು ಇರುವ ಊರಿನಲ್ಲೇ ಆಗಬೇಕು.

8. ಬೆಟ್ಟದ ಮೇಲಿನ ಕೊನೆಯ ಭೇಟಿ

ಸ್ವರ್ಗಾರೋಹಣದ ಹಬ್ಬ ಪಾಸ್ಖದಿಂದ 40ನೇ ದಿನ, ಗುರುವಾರ ಬರುತ್ತದೆ. ಕೆಲವು ದೇಶಗಳಲ್ಲಿ ಅದನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಳ್ಳುತ್ತಾರೆ. 'ಎ' ವರ್ಷದ ವಾಚನ ಮತ್ತಾಯ 28:16-20. ಪ್ರಭು ಹನ್ನೊಂದು ಶಿಷ್ಯರನ್ನು ಗಲಿಲೇಯದ ಒಂದು ಬೆಟ್ಟಕ್ಕೆ ಬರಹೇಳಿದ್ದರು. ಜೆರುಸಲೇಮಿನಿಂದ ಗಲಿಲೇಯಕ್ಕೆ ನೂರು ಕಿಲೋಮೀಟರಿಗೂ ಹೆಚ್ಚಿನ ಕಾಲ್ನಡಿಗೆ. ಅಷ್ಟು ದೂರ ನಡೆದು, ಬೆಟ್ಟ ಹತ್ತಿ, ಪ್ರಭುವನ್ನು ಕಣ್ಣಾರೆ ಕಂಡು ಅಡ್ಡಬಿದ್ದರು. ಆದರೆ ಕೆಲವರು ಸಂಶಯಪಟ್ಟರು ಎಂದು ಮತ್ತಾಯನು ಅಲ್ಲೇ ಸೇರಿಸುತ್ತಾನೆ.

ಆ ಬೆಟ್ಟದ ಮೇಲೆ ಭಕ್ತಿಯೂ ಇತ್ತು, ಸಂಶಯವೂ ಇತ್ತು. ಪ್ರಭು ನಂಬಿದವರನ್ನು ಒಂದು ಕಡೆ, ಸಂಶಯಪಟ್ಟವರನ್ನು ಇನ್ನೊಂದು ಕಡೆ ನಿಲ್ಲಿಸಲಿಲ್ಲ. ಅವರೇ ಹತ್ತಿರ ಬಂದು ಎಲ್ಲರಿಗೂ ಒಂದೇ ಆಜ್ಞೆ ಕೊಟ್ಟರು. ಹೋಗಿ, ಎಲ್ಲಾ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿ, ದೀಕ್ಷಾಸ್ನಾನ ಕೊಡಿ, ಕಲಿಸಿ ಎಂದು. ಲೋಕಾಂತ್ಯದವರೆಗೂ ಜೊತೆಯಲ್ಲಿರುವ ಭರವಸೆಯನ್ನೂ ಎಲ್ಲರಿಗೂ ಕೊಟ್ಟರು.

ಅದೇ ಹಬ್ಬದ ಮೊದಲನೆಯ ವಾಚನ ಪ್ರೇಷಿತರ ಕಾರ್ಯಕಲಾಪಗಳ 1ನೇ ಅಧ್ಯಾಯ. ಪ್ರಭು ಮೇಲಕ್ಕೆ ಹೋದ ಮೇಲೆ ಶಿಷ್ಯರು ಆಕಾಶವನ್ನೇ ನೋಡುತ್ತಾ ನಿಂತುಬಿಟ್ಟರು. ಬಿಳಿಯುಡುಪಿನ ಇಬ್ಬರು ಬಂದು, ಯಾಕೆ ಹೀಗೆ ನಿಂತಿದ್ದೀರಿ ಎಂದು ಕೇಳಬೇಕಾಯಿತು. ಆಗ ಶಿಷ್ಯರು ಓಲಿವ್ ಗುಡ್ಡ ಇಳಿದು ಊರಿಗೆ ಹೋದರು. ದುಃಖದಿಂದ ಹೋಗಲಿಲ್ಲ, ಬಹಳ ಸಂತೋಷದಿಂದ ಹೋದರೆಂದು ಲೂಕನು ಬರೆಯುತ್ತಾನೆ. ಹತ್ತು ದಿನ ಕಳೆದು ಪೆಂತಕೋಸ್ತಿನಂದು ಪವಿತ್ರಾತ್ಮರು ಇಳಿದುಬಂದದ್ದು ಆ ಗುಡ್ಡದ ಮೇಲಲ್ಲ. ಪೇಟೆಯ ನಡುವೆ, ಅವರೆಲ್ಲಾ ಒಟ್ಟಿಗೆ ಕೂತಿದ್ದ ಮನೆಯಲ್ಲಿ.

9. ಇಳಿಯುವ ಮುನ್ನ

ಶಿಲುಬೆಯ ಹಾದಿಯಂತೆಯೇ ಬೆಳಕಿನ ಹಾದಿ ಎಂಬ ಭಕ್ತಿಕ್ರಮವೂ ಧರ್ಮಸಭೆಯಲ್ಲಿದೆ. ಪ್ರಭುವಿನ ಪುನರುತ್ಥಾನದಿಂದ ಪವಿತ್ರಾತ್ಮರ ಆಗಮನದವರೆಗಿನ ಘಟನೆಗಳನ್ನು ಒಂದೊಂದಾಗಿ ಧ್ಯಾನಿಸುವ ಕ್ರಮ ಅದು. 2001ರಲ್ಲಿ ರೋಮಿನಿಂದ ಬಂದ ಜನಭಕ್ತಿಯ ಮಾರ್ಗದರ್ಶಿಯಲ್ಲಿ ಅದರ ಪ್ರಸ್ತಾಪ ಇದೆ. ಹತ್ತುವಾಗ ಶಿಲುಬೆಯ ಹಾದಿ ಮಾಡಿದವರು ಇಳಿಯುವಾಗ ಈ ವಾಚನಗಳನ್ನು ನೆನೆಯುತ್ತಾ ಇಳಿಯಬಹುದು. ಗುಂಪಿನಲ್ಲಿ ಬಂದವರು ಅಲ್ಲಲ್ಲಿ ನೆರಳಲ್ಲಿ ಕೂತು, ಒಬ್ಬರು ಓದಿ ಮಿಕ್ಕವರು ಕೇಳಬಹುದು.

ಮನೆಗೆ ಹೋದ ಮೇಲೆ ರಾತ್ರಿ ಜಪಸರದ ನಂತರ ದಿನಕ್ಕೊಂದು ವಾಚನ ಓದುವುದಾದರೆ ಪಾಸ್ಖ ವಾರದ ಕ್ರಮ ಹೀಗಿದೆ:

ಭಾನುವಾರ: ಯೊವಾನ್ನ 20:1-9
ಸೋಮವಾರ: ಮತ್ತಾಯ 28:8-15
ಮಂಗಳವಾರ: ಯೊವಾನ್ನ 20:11-18
ಬುಧವಾರ: ಲೂಕ 24:13-35
ಗುರುವಾರ: ಲೂಕ 24:35-48
ಶುಕ್ರವಾರ: ಯೊವಾನ್ನ 21:1-14
ಶನಿವಾರ: ಮಾರ್ಕ 16:9-15
ಮುಂದಿನ ಭಾನುವಾರ: ಯೊವಾನ್ನ 20:19-31

ಓದಿದ ಮೇಲೆ ಮನೆಯವರೆಲ್ಲಾ ಎರಡು ಪ್ರಶ್ನೆ ಕೇಳಿಕೊಳ್ಳಲಿ. ಇವತ್ತು ಪ್ರಭು ಜೊತೆಗಿದ್ದೂ ಗುರುತು ಸಿಗದೆ ಹೋದದ್ದು ಎಲ್ಲಿ? ನಾಳೆ ಬೆಳಿಗ್ಗೆ ಅವರು ಯಾರ ಹತ್ತಿರಕ್ಕೆ ಹೋಗು ಎನ್ನುತ್ತಿದ್ದಾರೆ? ಮಾತು ಬಿಟ್ಟಿರುವ ತಮ್ಮನ ಮನೆ ಇರಬಹುದು, ಆಸ್ಪತ್ರೆಯಲ್ಲಿ ಒಂಟಿಯಾಗಿ ಮಲಗಿರುವ ನೆರೆಯವರಿರಬಹುದು. ಉತ್ತರ ಸಿಕ್ಕಿದರೆ ತಡ ಮಾಡಬಾರದು. ಎಮ್ಮಾವಿನವರು ರಾತ್ರಿಯಲ್ಲೇ ಹೊರಟರು.

ಯಾತ್ರಿಕರ ಪ್ರಾರ್ಥನೆ

ಸಾವನ್ನು ಗೆದ್ದ ಯೇಸುಸ್ವಾಮಿಯೇ, ಭಾರ ಹೊತ್ತು ಈ ಬೆಟ್ಟ ಹತ್ತಿದೆವು. ಕೇಳಿದ್ದರಲ್ಲಿ ಕೆಲವು ಸಿಕ್ಕಿವೆ, ಕೆಲವು ಸಿಕ್ಕಿಲ್ಲ. ಅಳುವ ಕಣ್ಣಿಗೆ ನೀವು ಕಾಣದಿದ್ದಾಗ ನಮ್ಮನ್ನು ಹೆಸರು ಹಿಡಿದು ಕರೆಯಿರಿ. ಸೋತು ನಡೆಯುವಾಗ ಜೊತೆಗೆ ಬನ್ನಿ, ಸಂಜೆ ನಮ್ಮ ಮನೆಯಲ್ಲಿ ಉಳಿದುಕೊಳ್ಳಿ. ವಾಸಿಯಾಗದ ಗಾಯವಿದ್ದವರಿಗೆ ನಿಮ್ಮ ಗಾಯ ತೋರಿಸಿ ಧೈರ್ಯ ಕೊಡಿ. ತಪ್ಪಿ ನಡೆದವರನ್ನು ಕೆಂಡದ ಪಕ್ಕ ಕೂರಿಸಿ ಊಟ ಹಾಕಿ, ಮತ್ತೆ ಕೆಲಸಕ್ಕೆ ಕಳುಹಿಸಿ. ಈಗ ಬೆಟ್ಟ ಇಳಿಯುತ್ತಿದ್ದೇವೆ. ನಮ್ಮ ಊರಿಗೂ ನಮ್ಮ ಜೊತೆ ಬನ್ನಿ. ಆಮೆನ್.